ದೂಳಿನ ಕೆಮ್ಮು ಅಂದರು

ನಮ್ಮ ಟೇಕಲ್ ಕಡೆ ಎಚ್.ಐ.ವಿ.ಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕನ್ನಡದವರು 'ದೊಡ್ಡ ಕಾಯಿಲೆ' ಅನ್ನುತ್ತಾರೆ, ತೆಲುಗು ಮನೆಗಳಲ್ಲಿ 'ಪೆದ್ದ ರೋಗಂ' ಅನ್ನುತ್ತಾರೆ, ನಮ್ಮ ಮನೆಗಳ ದಖನಿಯಲ್ಲಿ ಅದು 'ಬಡೀ ಬಿಮಾರಿ'. ನಾನು ಚಿಕ್ಕವಳಿದ್ದಾಗ ಇದೇ ಮಾತುಗಳನ್ನು ಕುಷ್ಠಕ್ಕೆ ಹೇಳುತ್ತಿದ್ದರು. ಕುಷ್ಠಕ್ಕೆ ಮಾತ್ರೆ ಬಂತು, ಅದು ವಾಸಿಯಾಗುವ ಕಾಯಿಲೆ ಎಂದು ಜನಕ್ಕೆ ನಿಧಾನವಾಗಿ ಗೊತ್ತಾಯಿತು, ಹೆಸರು ಖಾಲಿ ಬಿತ್ತು. ಆ ಖಾಲಿ ಹೆಸರನ್ನು ಇದಕ್ಕೆ ತೊಡಿಸಿದರು. ಹೆಸರಿನ ಹಿಂದೆಯೇ ಹಳೆಯ ನಡವಳಿಕೆಯೂ ಬಂತು. ಲೋಟ ಬೇರೆ, ಚಾಪೆ ಬೇರೆ, ಮದುವೆ ಮನೆಯಲ್ಲಿ ಕೂರುವ ಜಾಗ ಬೇರೆ.

ಟೇಕಲ್ ಎಂದರೆ ಕಲ್ಲಿನ ಊರು. ಮಾಲೂರಿಗೂ ಬಂಗಾರಪೇಟೆಗೂ ನಡುವೆ ರೈಲಿನ ಕಿಟಕಿಯಿಂದ ನೋಡಿದವರಿಗೆ ಗುಡ್ಡದ ಮೇಲೆ ಯಾರೋ ಪೇರಿಸಿಟ್ಟಂತೆ ಕಾಣುವ ಬಂಡೆಗಳ ನೆನಪಿರಬಹುದು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ರೈಲು ಬಂದ ದಾರಿ ಇದು. ಬೆಳಿಗ್ಗೆ ರೈಲಿನಲ್ಲಿ ಅರ್ಧ ಊರು ಬೆಂಗಳೂರಿಗೆ ಕೂಲಿಗೆ ಹೋಗುತ್ತದೆ. ಉಳಿದರ್ಧ ಕಲ್ಲಿನ ಕೆಲಸಕ್ಕೆ ಹೋಗುತ್ತದೆ ಎಂಬುದು ನಮ್ಮಲ್ಲಿ ತಮಾಷೆಗೆ ಹೇಳುವ ಮಾತಾದರೂ ಒಂದು ಕಾಲಕ್ಕೆ ಬಹಳ ಸುಳ್ಳೇನೂ ಆಗಿರಲಿಲ್ಲ. ಕಲ್ಲು ಒಡೆಯುವವರಲ್ಲಿ ಹೆಚ್ಚಿನವರು ಭೋವಿ ಜನ. ಒಡೆದ ಸೈಜುಗಲ್ಲನ್ನು, ಚಪ್ಪಡಿಯನ್ನು, ಜಲ್ಲಿಯನ್ನು ಸಾಗಿಸುವ ಲಾರಿಗಳಲ್ಲಿ ನಮ್ಮವರು ಸಾಕಷ್ಟು ಜನ ಇದ್ದರು. ನನ್ನ ಖಾಲಾಳ ಮಗಳ ಗಂಡ ಅವರಲ್ಲಿ ಒಬ್ಬರು. ಅವಳು ನನಗಿಂತ ಮೂರು ವರ್ಷ ದೊಡ್ಡವಳು, ಹಾಗಾಗಿ ನನಗೆ ಆಪಾ. ಇಲ್ಲಿ ಹೆಸರು ಬೇಡ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರಗಳನ್ನು ಬದಲಿಸು ಎಂದಳು, ಬದಲಿಸಿದ್ದೇನೆ.

ದುಲ್ಹಾಭಾಯ್ ಮೊದಲು ಕಲ್ಲಿನ ಲಾರಿ ಓಡಿಸುತ್ತಿದ್ದರು. ಬೆಂಗಳೂರಿನ ಹೊಸ ಬಡಾವಣೆಗಳ ಪಾಯಕ್ಕೆ ಕಲ್ಲು ಇಳಿಸಿ ರಾತ್ರಿ ಮನೆಗೆ ಬರುವ ಕೆಲಸ. ಆಮೇಲೆ ಹೆಚ್ಚು ಬಾಡಿಗೆ ಸಿಗುತ್ತದೆಂದು ಮದ್ರಾಸ್ ರಸ್ತೆಯ ದೂರದ ಲಾರಿಗಳಿಗೆ ಸೇರಿಕೊಂಡರು. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಲಾರಿ ಡ್ರೈವರುಗಳ ಬಗ್ಗೆ ಈ ಕಾಯಿಲೆಯ ನೆಪದಲ್ಲಿ ಎಷ್ಟು ಕೇವಲವಾಗಿ ಬರೆದಿದ್ದಾರೆಂದರೆ, ನಾನೂ ಅದಕ್ಕೆ ಒಂದು ಕಲ್ಲು ಸೇರಿಸಲಾರೆ. ಮಕ್ಕಳಿಗೆ ಕಾಂಚೀಪುರದ ಬತ್ತಾಸು ತರುತ್ತಿದ್ದ ಮನುಷ್ಯ. ನಿದ್ದೆ ಇಲ್ಲ, ಹೊತ್ತಿಗೆ ಊಟವಿಲ್ಲ, ಮಾತಾಡಲು ಒಬ್ಬ ಕ್ಲೀನರ್. ರಸ್ತೆ ಬದಿಯಲ್ಲಿ ಏನಾಯಿತೋ ಅವರೂ ಹೇಳಲಿಲ್ಲ, ಆಪಾನೂ ಕೇಳಲಿಲ್ಲ.

2002ರ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಕಲ್ಲಿನ ಊರಿನಲ್ಲಿ ಕೆಮ್ಮು ಒಂದು ಸುದ್ದಿಯೇ ಅಲ್ಲ. "ದೂಳಿನ ಕೆಮ್ಮು, ಬೆಲ್ಲ ತಿನ್ನಿ" ಅಂದರು. ಕಲ್ಲುಪುಡಿ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ, ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಹತ್ತುವುದು ಬಹಳ ಸುಲಭ, ಇದು ನಿಜ. ಎಚ್.ಐ.ವಿ. ಇದ್ದವರನ್ನು ಹೆಚ್ಚಾಗಿ ಕೊಲ್ಲುವುದೂ ಅದೇ ಟಿ.ಬಿ. ಹೀಗೆ ನಮ್ಮಂಥ ಊರಿನಲ್ಲಿ ಒಂದು ಕಾಯಿಲೆ ಇನ್ನೊಂದರ ಹಿಂದೆ ಅಡಗಿ ಕೂರುತ್ತದೆ. ಆರು ತಿಂಗಳು ಬೆಲ್ಲ, ಕಷಾಯ, ದರ್ಗಾದ ನೀರು. ಕೊನೆಗೆ ಕಫ ಪರೀಕ್ಷೆಯಲ್ಲಿ ಟಿ.ಬಿ. ಸಿಕ್ಕಿತು. ಎಲ್ಲರಿಗೂ ಒಂದು ಥರ ಸಮಾಧಾನವಾಯಿತು. ಟಿ.ಬಿ. ತಾನೆ, ಅದಕ್ಕೆ ಔಷಧಿ ಇದೆಯಲ್ಲ! ಔಷಧಿ ತಗೊಂಡರೂ ತೂಕ ಇಳಿಯುತ್ತಲೇ ಹೋಯಿತು. ಬೆಂಗಳೂರಿಗೆ ಕರೆದುಕೊಂಡು ಹೋದಾಗ ಅಲ್ಲಿ ರಕ್ತ ಪರೀಕ್ಷೆ ಮಾಡಿದರು. ಇಂದಾದರೆ ಟಿ.ಬಿ. ಗೊತ್ತಾದ ಪ್ರತಿಯೊಬ್ಬರಿಗೂ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಸರ್ಕಾರಿ ಆಸ್ಪತ್ರೆಯಲ್ಲೇ ಹೇಳುತ್ತಾರೆ. ಆಗ ಹಾಗಿರಲಿಲ್ಲ. 2003ರ ರಂಜಾನಿಗೆ ಮುಂಚೆ ಅವರು ತೀರಿಕೊಂಡರು.

ಮಯ್ಯತ್‌ಗೆ ಗುಸ್ಲ್ ಕೊಡಲು ಪ್ರತಿ ಸಲ ತಾವಾಗಿಯೇ ಬರುತ್ತಿದ್ದವರು ಆವತ್ತು ಬರಲಿಲ್ಲ. ಸುದ್ದಿ ಅವರಿಗಿಂತ ಮುಂಚೆ ಊರು ತಲುಪಿತ್ತು. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹಾಗೇ ಮಣ್ಣು ಮಾಡಿಬಿಡೋಣ ಎಂದು ಒಬ್ಬರು ಸಲಹೆ ಕೊಟ್ಟರಂತೆ. ನಮ್ಮ ಅಬ್ಬಾ ಟೈಲರ್, ಹೆಚ್ಚು ಓದಿದವರಲ್ಲ. ನನ್ನನ್ನು ಒಳಗೆ ಕರೆದು, "ನೀನು ಸ್ಕೂಲಲ್ಲಿ ಪಾಠ ಮಾಡ್ತೀಯಲ್ಲ, ಹೇಳು, ನೀರು ಹಾಕಿದ್ರೆ ಬರುತ್ತಾ?" ಎಂದು ಕೇಳಿದರು. ಬರೋಲ್ಲ ಎಂದೆ. ರಕ್ತವೋ ಕೀವೋ ಕೈಯ ಗಾಯಕ್ಕೆ ತಾಗಬಾರದು ಅಷ್ಟೇ; ಕೈಗವಸು ಹಾಕಿಕೊಳ್ಳಿ, ಆಮೇಲೆ ಆ ಜಾಗಕ್ಕೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಎಂದೆ. ಹಾಗೆ ನೋಡಿದರೆ ಯಾವ ಕಾಯಿಲೆಯಿಂದ ಸತ್ತವರನ್ನು ತೊಳೆಯುವಾಗಲೂ ಇಷ್ಟು ಜಾಗ್ರತೆ ಬೇಕು. ಅಬ್ಬಾ ಮೆಡಿಕಲ್ ಸ್ಟೋರಿನಿಂದ ಎರಡು ಜೊತೆ ಕೈಗವಸು ತಂದರು. ಇನ್ನೊಂದು ಜೊತೆ ಮಸೀದಿಯಲ್ಲಿ ಅಜಾನ್ ಕೊಡುತ್ತಿದ್ದ ಮುದುಕರಿಗೆ. ಇಬ್ಬರೇ ಸೇರಿ ಪೂರ್ತಿ ಗುಸ್ಲ್ ಕೊಟ್ಟು ಕಫನ್ ತೊಡಿಸಿದರು. ಮಾರನೆಯ ದಿನ ಅಬ್ಬಾನ ಅಂಗಡಿಗೆ ಬಟ್ಟೆ ಕೊಟ್ಟಿದ್ದ ಮೂವರು ಹೊಲಿಯದ ಬಟ್ಟೆಯನ್ನು ವಾಪಸ್ ಕೇಳಿಕೊಂಡು ಹೋದರು. ಅಬ್ಬಾ ಮಡಚಿ ಕೊಟ್ಟರು, ಏನೂ ಅನ್ನಲಿಲ್ಲ.

ನಾನು ಮಾಲೂರು ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹತ್ತನೇ ತರಗತಿಯ ಮಕ್ಕಳಿಗೆ ಈ ಕಾಯಿಲೆ ಬರುವ ನಾಲ್ಕು ದಾರಿಗಳು ಮಗ್ಗಿಯ ಹಾಗೆ ಬಾಯಿಪಾಠ: ಅಸುರಕ್ಷಿತ ಲೈಂಗಿಕ ಸಂಪರ್ಕ, ಪರೀಕ್ಷಿಸದ ರಕ್ತ, ಹಂಚಿಕೊಂಡ ಸೂಜಿ, ಸೋಂಕಿತ ತಾಯಿಯಿಂದ ಮಗುವಿಗೆ. ಎರಡು ಅಂಕದ ಪ್ರಶ್ನೆ. ಎಲ್ಲರೂ ಬರೆಯುತ್ತಿದ್ದರು, ಎಲ್ಲರಿಗೂ ಎರಡಕ್ಕೆ ಎರಡು. ಅದೇ ಮಕ್ಕಳು, ಅದೇ ಮಕ್ಕಳ ಅಪ್ಪಅಮ್ಮ, ಆಪಾಳ ಮನೆಯ ಮುಂದೆ ಹಾದುಹೋಗುವಾಗ ಬೀದಿಯ ಆಚೆ ಬದಿಗೆ ಸರಿಯುತ್ತಿದ್ದರು. ದಾರಿ ಗೊತ್ತಿದ್ದೂ ಕಾಯಿಲೆ ಅರ್ಥವಾಗಿರಲಿಲ್ಲ.

ಅರ್ಥ ಮಾಡಿಸುವುದು ಹೇಗೆ? ನಾನು ನಮ್ಮೂರ ಕಲ್ಲಿನಿಂದಲೇ ಶುರು ಮಾಡುತ್ತಿದ್ದೆ. ಬಂಡೆ ಸೀಳುವವರು ಮೊದಲು ಸಾಲಾಗಿ ತೂತು ಕೊರೆಯುತ್ತಾರೆ, ಒಂದೊಂದಕ್ಕೂ ಬೆಣೆ ಇಡುತ್ತಾರೆ, ಈ ತುದಿಯಿಂದ ಆ ತುದಿಗೆ ಸುತ್ತಿಗೆಯಲ್ಲಿ ಒಂದೊಂದೇ ಏಟು ಹಾಕುತ್ತಾ ಹೋಗುತ್ತಾರೆ. ಬಹಳ ಹೊತ್ತು ಬಂಡೆಗೆ ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ಒಳಗೆ ಬಿರುಕು ಓಡುತ್ತಿರುತ್ತದೆ. ಈ ವೈರಸ್ಸೂ ಹಾಗೆಯೇ ನಮ್ಮನ್ನು ಕಾಯುವ ಸಿಡಿ4 ಎಂಬ ಬಿಳಿ ರಕ್ತಕಣಗಳೊಳಗೆ ಹೊಕ್ಕು, ಅಲ್ಲೇ ಹೆಚ್ಚಿ, ಅವನ್ನು ಮುಗಿಸುತ್ತಾ ಹೋಗುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ಕ್ಕೂ ಹೆಚ್ಚು ಇರುವ ಈ ಕಣಗಳು 200ಕ್ಕಿಂತ ಕೆಳಗಿಳಿಯಲು ಔಷಧಿ ಇಲ್ಲದವರಲ್ಲೂ ಎಂಟು ಹತ್ತು ವರ್ಷ ಹಿಡಿಯಬಹುದು. ಅಷ್ಟೂ ವರ್ಷ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ, ಲಾರಿ ಓಡಿಸುತ್ತಾನೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಆಗ ಅವನಿಗಿರುವುದು ಎಚ್.ಐ.ವಿ. ಸೋಂಕು. ಕಣಗಳು ತೀರ ಕಡಿಮೆಯಾಗಿ ಟಿ.ಬಿ.ಯಂಥವು ಮೈಮೇಲೆ ಬಿದ್ದಾಗ ಅದು ಏಡ್ಸ್. ಮುಖ ನೋಡಿ ಕಾಯಿಲೆ ಹೇಳುತ್ತೇವೆ ಎನ್ನುವವರಿಗೆ ಕಾಣಿಸುವುದು ಈ ಕೊನೆಯ ಹಂತ ಮಾತ್ರ. ಉಳಿದಷ್ಟು ವರ್ಷ ಗೊತ್ತುಮಾಡಿಕೊಳ್ಳಲು ರಕ್ತ ಪರೀಕ್ಷೆ ಬಿಟ್ಟರೆ ಬೇರೆ ದಾರಿ ಇಲ್ಲ.

ಭಾರತದಲ್ಲಿ ಮೊದಲು ಈ ಸೋಂಕು ಗೊತ್ತಾಗಿದ್ದೂ ಯಾರೂ ಕಾಯಿಲೆ ಬಿದ್ದಾಗಲಲ್ಲ. 1986ರಲ್ಲಿ ಚೆನ್ನೈನ ಡಾ. ಸುನೀತಿ ಸಾಲೊಮನ್ ಅವರು ತಮ್ಮ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ಅವರಿಗೆ ಹಚ್ಚಿದ ಕೆಲಸದಲ್ಲಿ ಅದು ಸಿಕ್ಕಿತು. ನಿರ್ಮಲಾ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳಿಂದ ರಕ್ತದ ಮಾದರಿ ಸಂಗ್ರಹಿಸಿ ಅದನ್ನು ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿದರು. ವೆಲ್ಲೂರು ನಮಗೆ ದೂರದ ಊರಲ್ಲ. ಕೋಲಾರದ ಕಡೆಯವರು ಇಲ್ಲಿ ಕೈಬಿಟ್ಟ ರೋಗಿಯನ್ನು ಇದೇ ರೈಲು ಹತ್ತಿಸಿ ಕಟ್ಪಾಡಿಯಲ್ಲಿ ಇಳಿಸುವುದು ತಲೆಮಾರಿನಿಂದ ನಡೆದಿದೆ. ಆ ಹೆಣ್ಣುಮಕ್ಕಳ ರಕ್ತದಿಂದ ದೇಶಕ್ಕೆ ಎಚ್ಚರಿಕೆ ಸಿಕ್ಕಿತು. ದೇಶ ಅದಕ್ಕೆ ಪ್ರತಿಯಾಗಿ ಅವರಿಗೆ ಕೊಟ್ಟದ್ದು ಬೈಗುಳ. ಗೋಡೆಗಳ ಮೇಲೆ ತಲೆಬುರುಡೆಯ ಚಿತ್ರ ಬರೆಸಿ 'ಏಡ್ಸ್ ಎಂದರೆ ಸಾವು' ಎಂದು ಹೆದರಿಸಿದ ಆ ಕಾಲದ ಪ್ರಚಾರ, ಎಷ್ಟು ಜನರನ್ನು ಕಾಯಿಲೆಯಿಂದ ಉಳಿಸಿತೋ ತಿಳಿಯದು, ಪರೀಕ್ಷೆಯಿಂದಂತೂ ಬಹಳ ಜನರನ್ನು ಓಡಿಸಿತು ಎಂದು ನನ್ನ ಗಟ್ಟಿ ಅಭಿಪ್ರಾಯ. ಸಾಯುವುದೇ ಆದರೆ ತಿಳಿದುಕೊಂಡು ಏನು ಮಾಡಬೇಕು?

ಆಪಾ ಕೂಡ ಹಾಗೇ ಅಂದಳು. ಗಂಡ ಹೋದ ಮೇಲೆ ಇದ್ದತ್ ಮುಗಿಯುವವರೆಗೂ ಪರೀಕ್ಷೆಯ ಮಾತೆತ್ತಲು ಬಿಡಲಿಲ್ಲ. ಆಮೇಲೆ ಮಕ್ಕಳಿಗಾಗಿ ಒಪ್ಪಿದಳು. ಅವಳ ರಕ್ತದಲ್ಲಿ ಸೋಂಕು ಇತ್ತು. 1996ರಲ್ಲಿ ಹುಟ್ಟಿದ ಮಗಳಿಗೂ ಇರಲಿಲ್ಲ, 2000ದಲ್ಲಿ ಹುಟ್ಟಿದ ಮಗನಿಗೂ ಇರಲಿಲ್ಲ. ಸೋಂಕಿರುವ ತಾಯಿಗೆ ಯಾವ ಔಷಧಿಯೂ ಸಿಗದಿದ್ದರೂ ಪ್ರತಿ ಮಗುವಿಗೂ ಅದು ಹೋಗುವುದಿಲ್ಲ. ನೂರರಲ್ಲಿ ಹದಿನೈದರಿಂದ ನಲವತ್ತೈದು ಮಕ್ಕಳಿಗೆ ಹೋಗಬಹುದು. ತಾಯಿಗೆ ಔಷಧಿ ಸರಿಯಾಗಿ ಕೊಟ್ಟರೆ ಅದು ಐದಕ್ಕಿಂತಲೂ ಕೆಳಗಿಳಿಯುತ್ತದೆ. ಬಸುರಿಯರಿಗೆಲ್ಲ ಮೊದಲ ತಪಾಸಣೆಯಲ್ಲೇ ಈ ಪರೀಕ್ಷೆ ಮಾಡಲು ಹೇಳುವುದು ಅದಕ್ಕಾಗಿ. ಇದರಲ್ಲಿ ಒಂದು ಎಡವಟ್ಟಿದೆ. ಬಸುರಿಯಾದಾಗ ಹೆಣ್ಣಿನ ರಕ್ತವೇ ಮೊದಲು ಪರೀಕ್ಷೆಗೆ ಹೋಗುತ್ತದೆ, ಗಂಡನದು ಆಮೇಲೆ, ಕೆಲವು ಸಲ ಹೋಗುವುದೇ ಇಲ್ಲ. ಮೊದಲು ಯಾರಲ್ಲಿ ಕಂಡಿತೋ ಅವರೇ ತಂದವರು ಎಂದು ಮನೆಯವರು ತೀರ್ಮಾನ ಮಾಡಿಬಿಡುತ್ತಾರೆ. ಆಪಾಳ ವಿಷಯದಲ್ಲಿ ಗಂಡನ ಕಾಯಿಲೆ ಮೊದಲು ಗೊತ್ತಾಗಿದ್ದರೂ ಅತ್ತೆ ಮನೆಯವರು ಅದನ್ನೇ ಹೇಳಿದರು: "ನಮ್ಮ ಹುಡುಗ ಬಂಗಾರದಂಥವನಿದ್ದ." ಅಲ್ಲಿಂದ ಎರಡು ಮಕ್ಕಳನ್ನೂ ಒಂದು ಟ್ರಂಕನ್ನೂ ತಗೊಂಡು ಟೇಕಲ್‌ಗೆ ಬಂದಳು. ಖಾಲಾಳ ಮನೆಯಲ್ಲಿ ಒಂದು ಕೋಣೆ, ಒಂದು ಹೊಲಿಗೆ ಯಂತ್ರ. ಯಂತ್ರ ಅಬ್ಬಾ ಕೊಟ್ಟದ್ದು.

ಆಗಿನ್ನೂ ಔಷಧಿ ಬಡವರ ಕೈಗೆ ಸಿಕ್ಕಿರಲಿಲ್ಲ. 2001ರಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಮೂರು ಔಷಧಿಗಳ ಜೋಡಣೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇವೆ ಎಂದು ಗಡಿಯಿಲ್ಲದ ವೈದ್ಯರ ಸಂಸ್ಥೆಗೆ ಹೇಳಿದಾಗ ಜಗತ್ತೇ ತಿರುಗಿ ನೋಡಿತ್ತು. ಅದುವರೆಗೆ ಅಮೆರಿಕ, ಯುರೋಪಿನಲ್ಲಿ ಅದೇ ಔಷಧಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಆಸುಪಾಸು ಬೆಲೆ ಇತ್ತು. ಆಫ್ರಿಕಾದಲ್ಲಿ ಲಕ್ಷಾಂತರ ಜೀವ ಉಳಿಸಿದ ಬೆಲೆ ಅದು. ಆದರೆ ದಿನಕ್ಕೆ ಒಂದು ಡಾಲರ್ ಎಂದರೂ ಬ್ಲೌಸ್ ಹೊಲಿದು ಬದುಕುವ ಹೆಂಗಸಿಗೆ ಎಲ್ಲಿಂದ ಬರಬೇಕು? 2004ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಕೆಲವೇ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದರಿಂದ ಇಲ್ಲಿಗೆ ಬೇಗ ಬಂತು. ದುಲ್ಹಾಭಾಯ್ ಇನ್ನು ಐದಾರು ತಿಂಗಳು ತಡೆದಿದ್ದರೆ ಎಂದು ಆಪಾ ಇಂದಿಗೂ ಒಮ್ಮೊಮ್ಮೆ ಲೆಕ್ಕ ಹಾಕುತ್ತಾಳೆ.

2006ರಲ್ಲಿ ಅವಳ ಸಿಡಿ4 200ಕ್ಕಿಂತ ಇಳಿಯಿತು. ಆಗಿನ ನಿಯಮದಲ್ಲಿ ಅಷ್ಟು ಇಳಿದ ಮೇಲೆಯೇ ಔಷಧಿ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೆ ಹೋಗೋಣ ಎಂದಳು. ಪ್ಯಾಸೆಂಜರ್ ಗಾಡಿಯಲ್ಲಿ ಕಂಟೋನ್ಮೆಂಟಿನಲ್ಲಿ ಇಳಿದರೆ ಶಿವಾಜಿನಗರ ಹತ್ತಿರವೇ. ಕೋಲಾರದಲ್ಲಿ ಚಿಕಿತ್ಸೆ ಸಿಗುವಂತಾದ ಮೇಲೂ ಬಹಳ ವರ್ಷ ಅವಳು ಅಲ್ಲಿಗೆ ಹೋಗಲಿಲ್ಲ. ಜಿಲ್ಲಾಸ್ಪತ್ರೆಯ ಕಾರಿಡಾರಿನಲ್ಲಿ ಯಾರಾದರೂ ಪರಿಚಯದವರು ಸಿಕ್ಕೇ ಸಿಗುತ್ತಾರೆ, ಬೆಂಗಳೂರಿನಲ್ಲಿ ಬುರ್ಖಾ ಹಾಕಿದ ಸಾವಿರ ಹೆಂಗಸರಲ್ಲಿ ತಾನೊಬ್ಬಳು. ಒಂದು ದಿನದ ಕೂಲಿ, ರೈಲಿನ ಚಾರ್ಜು, ಮಕ್ಕಳನ್ನು ನೋಡಿಕೊಳ್ಳಲು ಯಾರನ್ನಾದರೂ ಬೇಡುವುದು — ತಿಂಗಳು ತಿಂಗಳೂ ಇಷ್ಟನ್ನು ಅವಳು ತೆತ್ತದ್ದು ಔಷಧಿಗಲ್ಲ, ಗುಟ್ಟಿಗೆ. ಈ ಬಾಬತ್ತು ಯಾವ ಸರ್ಕಾರದ ಲೆಕ್ಕದಲ್ಲೂ ಬರುವುದಿಲ್ಲ.

ಮೊದಲು ಕೊಡುತ್ತಿದ್ದ ಔಷಧಿಗಳಲ್ಲಿ ಸ್ಟಾವುಡಿನ್ ಎಂಬುದೊಂದಿತ್ತು. ಜೀವ ಉಳಿಸಿತು, ಆದರೆ ಒಂದೆರಡು ವರ್ಷದಲ್ಲಿ ಕೆನ್ನೆಯ ಕೊಬ್ಬನ್ನೆಲ್ಲ ತಿಂದುಹಾಕಿತು. ಮೈ ಚೆನ್ನಾಗಿ ಆಗುತ್ತಿರುವಾಗಲೇ ಮುಖ ಕುಳಿಬಿದ್ದು, ಗುಟ್ಟನ್ನು ಮುಖವೇ ಹೇಳಲು ಶುರುಮಾಡಿತು. ಮುಂದೆ ಆ ಔಷಧಿಯನ್ನು ಕೈಬಿಟ್ಟರು. ಈಗ ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಸಿಡಿ4 ಇಳಿಯುವವರೆಗೂ ಕಾಯುವುದಿಲ್ಲ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ತಡಮಾಡದೆ ಚಿಕಿತ್ಸೆ ಎಂಬ ನಿಯಮವಿದೆ. ಬಿಟ್ಟು ಬಿಟ್ಟು ನುಂಗಿದರೆ ವೈರಸ್ಸು ಔಷಧಿಗೆ ಒಗ್ಗಿಹೋಗುತ್ತದೆ, ಅದೊಂದು ಎಚ್ಚರ ಬೇಕು. ಆಪಾ ರಾತ್ರಿ ಒಂಬತ್ತಕ್ಕೆ ನುಂಗುತ್ತಾಳೆ. ಧಾರಾವಾಹಿ ಮುಗಿಯುವ ಹೊತ್ತು, ಮರೆಯುವುದಿಲ್ಲ ಅನ್ನುತ್ತಾಳೆ.

2011ರಲ್ಲಿ ಅವಳಿಗೆ ಗರ್ಭಕೋಶದ ಆಪರೇಷನ್ ಆಗಬೇಕಾಯಿತು. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ದುಡ್ಡು ಕಟ್ಟಿಸಿಕೊಂಡು, ಹೊಟ್ಟೆ ಖಾಲಿ ಇರಿಸಿ, ರಕ್ತದ ರಿಪೋರ್ಟ್ ಬಂದ ಮೇಲೆ "ಡಾಕ್ಟರು ಊರಲ್ಲಿಲ್ಲ" ಅಂದರು. ಡಾಕ್ಟರು ಎದುರಿನ ಕೋಣೆಯಲ್ಲೇ ಇದ್ದರು. ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ದಪ್ಪಗೆ ಬರೆದಿದ್ದನ್ನು ಆಯಾಳಿಂದ ಹಿಡಿದು ಕ್ಯಾಂಟೀನಿನ ಹುಡುಗನವರೆಗೆ ಎಲ್ಲರೂ ಓದಿದರು. ಹೆಸರು ಬರೆಯುವುದಿಲ್ಲ, ಬರೆದು ಏನಾಗಬೇಕು. ಪ್ರತಿ ರೋಗಿಯ ರಕ್ತದಲ್ಲೂ ಏನೋ ಇರಬಹುದು ಎಂದುಕೊಂಡೇ ಕೈಗವಸು ತೊಟ್ಟು ಕೆಲಸ ಮಾಡಬೇಕು ಎಂಬುದು ವೈದ್ಯಕೀಯದ ಮೊದಲ ಪಾಠ. ಆಕಸ್ಮಿಕವಾಗಿ ಸೂಜಿ ಚುಚ್ಚಿಕೊಂಡರೂ ಆದಷ್ಟು ಬೇಗ, 72 ಗಂಟೆಯೊಳಗೆ, ಔಷಧಿ ಶುರುಮಾಡಿ 28 ದಿನ ತಗೊಂಡರೆ ಸೋಂಕು ತಡೆಯಬಹುದು. ಇಷ್ಟೆಲ್ಲ ಗೊತ್ತಿದ್ದವರೇ ಹೆದರಿದರೆ, ಬೀದಿಯ ಆಚೆ ಬದಿಗೆ ಸರಿಯುವ ನಮ್ಮೂರ ಹೆಂಗಸರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆಪರೇಷನ್ ಕಡೆಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು, ಚೆನ್ನಾಗಿಯೇ ಆಯಿತು. 2017ರಲ್ಲಿ ಸಂಸತ್ತು ಎಚ್.ಐ.ವಿ. ಮತ್ತು ಏಡ್ಸ್ ತಡೆ ಕಾಯ್ದೆಯನ್ನು ಮಾಡಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ತಂದಿತು. ಚಿಕಿತ್ಸೆಯಲ್ಲಿ, ಕೆಲಸದಲ್ಲಿ, ಶಾಲೆಯಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡುವಂತಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಒಬ್ಬರ ಸೋಂಕಿನ ವಿಷಯವನ್ನು ಅವರನ್ನು ಕೇಳದೆ ಹೊರಗೆ ಬಿಡುವಂತಿಲ್ಲ.

ಶಾಲೆಯ ಮಾತಿಗೆ ಬರುತ್ತೇನೆ. 2007ರಲ್ಲಿ ಹದಿಹರೆಯದ ಮಕ್ಕಳಿಗೆ ಪಾಠ ಮಾಡಲೆಂದು ಕೇಂದ್ರದಿಂದ ಬಂದ ಪುಸ್ತಕಗಳ ಬಗ್ಗೆ ದೊಡ್ಡ ಗಲಾಟೆಯಾಯಿತು. ಮಹಾರಾಷ್ಟ್ರ, ಮಧ್ಯಪ್ರದೇಶ ಬೇಡ ಅಂದವು, ನಮ್ಮ ಕರ್ನಾಟಕವೂ ಬೇಡ ಅಂದಿತು. ಸಂಸ್ಕೃತಿ ಕೆಡುತ್ತದೆ ಎಂದರು. ಈ ಒಂದು ವಿಷಯದಲ್ಲಿ ಎಲ್ಲ ಧರ್ಮದ ಹಿರಿಯರೂ ಒಟ್ಟಾಗಿದ್ದರು, ಬೇರೆ ಯಾವುದರಲ್ಲಾದರೂ ಹೀಗೆ ಒಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನ ತರಗತಿಯಲ್ಲಿ ನಾನೊಂದು ಉಪಾಯ ಮಾಡಿದೆ. ಬಿಸ್ಕತ್ತಿನ ಹಳೇ ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿ, ಹೆಸರು ಬರೆಯದೆ ಚೀಟಿ ಹಾಕಿ ಎಂದೆ. ಶನಿವಾರ ತೆಗೆದು ಓದುತ್ತಿದ್ದೆ. ಸೊಳ್ಳೆ ಕಚ್ಚಿದರೆ ಬರುತ್ತಾ ಮೇಡಂ? ಬರುವುದಿಲ್ಲ, ಸೊಳ್ಳೆಯ ಮೈಯಲ್ಲಿ ಈ ವೈರಸ್ಸು ಬೆಳೆಯುವುದಿಲ್ಲ, ಸೊಳ್ಳೆ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನೇ ಹೊರತು ಹಿಂದೆ ಕುಡಿದ ರಕ್ತವನ್ನಲ್ಲ. ಕಟಿಂಗ್ ಶಾಪಿನ ಬ್ಲೇಡಿನಿಂದ? ಅದರಿಂದ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಹೊಸ ಬ್ಲೇಡು ಕೇಳಿ, ಕಾಮಾಲೆಯ ವೈರಸ್ಸು ಹಾಗೆ ಬರಬಹುದು. ಕಾಂಡೋಮ್ ಎಂಬ ಮಾತನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗರು ಡೆಸ್ಕಿನ ಕೆಳಗೆ ಮುಖ ಹುದುಗಿಸಿ ನಕ್ಕರು. ನಗಲಿ ಎಂದು ಸುಮ್ಮನಿದ್ದೆ, ನಕ್ಕು ಮುಗಿದ ಮೇಲೆ ಇನ್ನೊಮ್ಮೆ ಹೇಳಿದೆ. ಸೋಂಕು ತಡೆಯಲು ನಮ್ಮ ಕೈಯಲ್ಲಿರುವ ಅಗ್ಗದ, ನಂಬಬಹುದಾದ ಸಾಧನ ಅದು. ಸಂಯಮದ ಬೋಧನೆ ಮಾಡುವವರು ಮಾಡಲಿ, ಆದರೆ ಅದನ್ನೂ ಹೇಳಲೇಬೇಕು.

ಒಂದು ಶನಿವಾರದ ಚೀಟಿ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ದುಂಡಗಿನ ಅಕ್ಷರದಲ್ಲಿ, "ನಮ್ಮಪ್ಪನಿಗೆ ಇದೆ. ಅವರ ತಟ್ಟೇಲಿ ಉಳಿದಿದ್ದು ನಾನು ತಿಂತೀನಿ. ನಂಗೂ ಬಂದಿದ್ಯಾ?" ತಲೆ ಎತ್ತಿ ನಲವತ್ತು ಮುಖಗಳನ್ನು ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತಿತ್ತು. ಚೀಟಿಯನ್ನು ಓದಿ ಹೇಳದೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಕಂಬಳಿ ಹೊದ್ದರೆ, ತಬ್ಬಿಕೊಂಡರೆ, ಕಾಯಿಲೆಯವರ ಬೆವರು ಒರೆಸಿದರೆ ಏನೂ ಆಗುವುದಿಲ್ಲ ಎಂದು ಇಡೀ ತರಗತಿಗೆ ಎರಡು ಸಲ ಹೇಳಿದೆ. 1097 ಎಂಬ ಉಚಿತ ಸಹಾಯವಾಣಿ ಈಗಿದೆ, ಇಂಥ ಪ್ರಶ್ನೆಗಳನ್ನು ಹೆಸರು ಹೇಳದೆ ಕೇಳಬಹುದು. ಆಗ ಆ ಮಗುವಿಗಿದ್ದದ್ದು ಬಿಸ್ಕತ್ತಿನ ಡಬ್ಬಿ.

ಆಪಾಳ ಮಗಳು ಬಿ.ಕಾಂ. ಮುಗಿಸಿದ ವರ್ಷ, 2017ರಲ್ಲಿ, ಒಂದು ಸಂಬಂಧ ಬಂತು. ಮಾತುಕತೆ ಮೆಹರ್‌ವರೆಗೂ ಹೋಗಿ ನಿಂತಿತು. ಯಾರೋ ಫೋನ್ ಮಾಡಿದ್ದರಂತೆ. ಯಾರೆಂದು ಹುಡುಕಲು ಆಪಾ ಬಿಡಲಿಲ್ಲ. ಮರುವರ್ಷ ಕೋಲಾರದಿಂದ ಇನ್ನೊಂದು ಬಂತು. ಈ ಸಲ ಏನು ಮಾಡುವುದೆಂದು ನಮ್ಮ ಮನೆಯಲ್ಲಿ ಮೂರು ರಾತ್ರಿ ಚರ್ಚೆ. ನಾನು ಹೇಳುವುದು ಬೇಡ ಅಂದೆ. ಹುಡುಗಿಗೆ ಸೋಂಕಿಲ್ಲ, ತಾಯಿಯ ರಕ್ತದ ರಿಪೋರ್ಟಿಗೂ ಮಗಳ ನಿಕಾಹಿಗೂ ಸಂಬಂಧವಿಲ್ಲ, ಕಾನೂನು ಕೂಡ ನಮ್ಮ ಕಡೆಗಿದೆ. ಇಂದಿಗೂ ನನ್ನ ಅಭಿಪ್ರಾಯ ಅದೇ. ಆಪಾ ಅಂದದ್ದು ಬೇರೆ. "ನೀನು ಹೇಳೋದು ಸರಿ. ಆದರೆ ಯಾರು ಯಾವಾಗ ಹೇಳ್ತಾರೋ ಅಂತ ನಾನು ಹದಿನೈದು ವರ್ಷ ಕಾದೆ. ನನ್ನ ಮಗಳು ಕಾಯೋದು ಬೇಡ."

ಹುಡುಗನ ತಾಯಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಹೇಳಿದಳು. ಅವರು ಎದ್ದು ಹೋದರು. ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ಬಂದು, ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿ ತೋರಿಸುತ್ತೀರಾ ಎಂದು ಕೇಳಿದರು. ನನಗೆ ಮೈ ಉರಿಯಿತು. ಆಪಾ ಶಾಂತವಾಗಿ, "ಮಾಡಿಸೋಣ ಬಹೆನ್, ಹುಡುಗನದೂ ಮಾಡಿಸೋಣ" ಅಂದಳು. ಅವರ ಮುಖದಲ್ಲಿ ಅದು ತಮಗೆ ಹೊಳೆದೇ ಇರಲಿಲ್ಲ ಎಂಬುದು ಚೆನ್ನಾಗಿ ಕಂಡಿತು. ಹುಡುಗನೇ ಅಮ್ಮನನ್ನು ಒಪ್ಪಿಸಿದ. ಇಬ್ಬರೂ ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಹೋದರು. ಅಲ್ಲಿನ ಆಪ್ತ ಸಮಾಲೋಚಕಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿ, ಒಪ್ಪಿಗೆ ಬರೆಸಿಕೊಂಡು ರಕ್ತ ತೆಗೆದರು. ಇಬ್ಬರಲ್ಲೂ ಇರಲಿಲ್ಲ. ಮದುವೆಗೆ ಮುಂಚೆ ಪರೀಕ್ಷೆಯನ್ನು ಕಡ್ಡಾಯ ಮಾಡಿಬಿಡಿ ಎನ್ನುವವರಿದ್ದಾರೆ, ನಮ್ಮ ಜಮಾಅತ್‌ಗಳಲ್ಲೂ ಆ ಮಾತು ಬಂದದ್ದುಂಟು. ನನಗೆ ಒಪ್ಪಿಗೆಯಿಲ್ಲ. ತೀರ ಇತ್ತೀಚೆಗೆ ತಗುಲಿದ ಸೋಂಕು ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು, ಮೂರು ತಿಂಗಳವರೆಗೂ ಆ ಸಂಶಯ ಇರುತ್ತದೆ. ಮದುವೆಯ ಆಚೆಗಿನ ಇಪ್ಪತ್ತು ವರ್ಷದ ಬಗ್ಗೆಯಂತೂ ಆ ಕಾಗದ ಏನೂ ಹೇಳುವುದಿಲ್ಲ. ಹುಡುಗ ಹುಡುಗಿ ತಾವೇ ಇಷ್ಟಪಟ್ಟು ಮಾಡಿಸಿಕೊಂಡರೆ ಅದು ಬೇರೆ ಮಾತು.

ಹುಡುಗ ಓದಿಕೊಂಡವನು, ಕೇಳುವವನು. ಅಮ್ಮಿಯ ಕಾಯಿಲೆ ಬೇರೆಯವರಿಗೆ ಹರಡುತ್ತದೆಯೇ ಎಂದು ನನ್ನನ್ನೇ ನೇರವಾಗಿ ಕೇಳಿದ. ಒಂದೇ ಮನೆಯಲ್ಲಿ ಬಾಳುವುದರಿಂದ ಎಂದೂ ಹರಡುವುದಿಲ್ಲ ಎಂದೆ. ಗಂಡಹೆಂಡಿರ ನಡುವೆಯೂ, ಔಷಧಿ ಸರಿಯಾಗಿ ತಗೊಂಡು ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಸಂಪರ್ಕದಿಂದ ಹರಡುವುದಿಲ್ಲ ಎಂಬುದು ಈಗ ಖಚಿತವಾಗಿದೆ ಎಂದೆ. ಒಂಬತ್ತು ದೇಶಗಳ 1,763 ಜೋಡಿಗಳನ್ನು ಗಮನಿಸಿದ ದೊಡ್ಡ ಅಧ್ಯಯನವೊಂದು, ಅದರಲ್ಲಿ ಚೆನ್ನೈ, ಪುಣೆಯ ದಂಪತಿಗಳೂ ಇದ್ದರು, ಬೇಗ ಔಷಧಿ ಶುರುಮಾಡಿದರೆ ಸಂಗಾತಿಗೆ ಹರಡುವುದು ಶೇಕಡಾ 96ರಷ್ಟು ತಗ್ಗುತ್ತದೆಂದು 2011ರಲ್ಲೇ ತೋರಿಸಿತ್ತು. ಆಮೇಲಿನ ಅಧ್ಯಯನಗಳು ಇನ್ನೂ ಗಟ್ಟಿಯಾಗಿ ಹೇಳಿವೆ. ಅಂದರೆ ಔಷಧಿ ಎಂಬುದು ತಡೆಯೂ ಹೌದು. ದೇಶದಲ್ಲಿ ಸುಮಾರು 25 ಲಕ್ಷ ಜನ ಈ ಸೋಂಕಿನೊಂದಿಗೆ ಬದುಕಿದ್ದಾರೆ, ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ನಮ್ಮ ರಾಜ್ಯದವರು. ಅವರಲ್ಲಿ ಒಬ್ಬರು ಗುಟ್ಟಾಗಿ ಮಾತ್ರೆ ಬಿಟ್ಟರೂ ಅದು ಅವರೊಬ್ಬರ ನಷ್ಟವಲ್ಲ.

ನಿಕಾಹ್ 2019ರ ಜನವರಿಯಲ್ಲಿ ಆಯಿತು. ಮಗಳು ಕೋಲಾರಕ್ಕೆ ಹೋದ ಮೇಲೆ ಆಪಾ ಬೆಂಗಳೂರಿನಿಂದ ತನ್ನ ಚಿಕಿತ್ಸೆಯನ್ನು ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆಗೆ ವರ್ಗ ಮಾಡಿಸಿಕೊಂಡಳು. ಮಾತ್ರೆ ತರುವ ನೆಪದಲ್ಲಿ ಮಗಳ ಮನೆ, ಮಗಳ ಮನೆಯ ನೆಪದಲ್ಲಿ ಮಾತ್ರೆ. ಹಾಗಿರುವಾಗಲೇ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ರೈಲಿಲ್ಲ, ಬಸ್ಸಿಲ್ಲ, ಟೇಕಲ್‌ನಿಂದ ಹೊರಗೆ ಕಾಲಿಡುವಂತಿಲ್ಲ. ಡಬ್ಬಿಯಲ್ಲಿ ಹನ್ನೊಂದು ಮಾತ್ರೆ ಉಳಿದಿತ್ತು. ಆಪಾ ಫೋನಿನಲ್ಲಿ ಮಗಳಿಗೆ ಹೇಳಲಿಲ್ಲ, ನನಗೆ ಹೇಳಿದಳು. ನಾನು ಹುಡುಗನಿಗೆ ಹೇಳಿದೆ. ಅಂಥ ದಿನಗಳಲ್ಲಿ ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವುದಕ್ಕೂ, ಮನೆಯವರ ಕೈಗೆ ಕೊಡುವುದಕ್ಕೂ ಕೇಂದ್ರಗಳಲ್ಲಿ ಅವಕಾಶ ಮಾಡಿದ್ದರು. ಅವನು ಆಸ್ಪತ್ರೆಗೆ ಹೋಗಿ ಮಾತ್ರೆ ತಗೊಂಡು, ಬೈಕಿನಲ್ಲಿ ಟೇಕಲ್ ಕಡೆ ಹೊರಟ. ದಾರಿಯಲ್ಲಿ ಬ್ಯಾರಿಕೇಡ್. ಪೊಲೀಸಿನವರು ನಿಲ್ಲಿಸಿ ಚೀಲ ಬಿಚ್ಚಿಸಿ, ಇಷ್ಟೊಂದು ಮಾತ್ರೆ ಏನಿದು, ಯಾತಕ್ಕೆ ಎಂದು ಕೇಳಿದರಂತೆ.

"ನಮ್ಮ ಅತ್ತೇದು ಸಾರ್," ಅಂದನಂತೆ ಅವನು. "ದಿನಾ ತಗೋಬೇಕು. ಒಂದು ದಿನಾನೂ ಬಿಡೋ ಹಾಗಿಲ್ಲ."

ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಬಂದು ಬಾಗಿಲ ಹೊರಗೇ ನಿಂತು, ಮಾಸ್ಕ್ ತೆಗೆಯದೆ, ಚೀಲವನ್ನು ಹೊಸ್ತಿಲ ಮೇಲಿಟ್ಟು, "ಮೂರು ತಿಂಗಳಿಗೆ ಕೊಟ್ಟಿದ್ದಾರೆ ಅಮ್ಮಿ, ಎಣಿಸಿಕೊಳ್ಳಿ" ಅಂದ.